ಉಳಿ ಹಿಡಿದ ಕೈಗೂ ಒಗ್ಗೋ ಥ್ರೀಡಿ ಆ್ಯಪ್ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಈಗ ಎಲ್ಲಿ ನೋಡಿದ್ರೂ ಥ್ರೀಡಿ ಡಿಸೈನ್ ಕಲಿಸ್ತೀವಿ ಅಂತ ಬೋರ್ಡು, ಕೌಶಲ್ಯ ತರಬೇತಿ ಅಂದ್ರೂ ಅದೇ ಮಾತು, ಕಾಲೇಜಲ್ಲಿ ಕೇಳಿದ್ರೂ ಅದೇ ಮಾತು, ಒಳ್ಳೇದೇ. ಆದ್ರೆ ಯಾರೂ ಎತ್ತದೇ ಇರೋ ಒಂದು ವಿಷಯ ಇದೆ. ನಮ್ಮ ಕಡೆ ಹುಡುಗ್ರ ಹತ್ರ ಇರೋದು ಮೊಬೈಲು, ತುಂಬಾ ಅಂದ್ರೆ ಒಂದು ಟ್ಯಾಬು. ಅವರಿಗೆ ಕಲಿಸೋ ಸಾಫ್ಟ್‌ವೇರು ಮಾತ್ರ ಮೂರು ಬಟನ್ ಮೌಸು, ಉದ್ದನೆ ಕೀಬೋರ್ಡು ಇರೋರಿಗೆ ಅಂತ ಮಾಡಿರೋದು. ಬೆರಳಲ್ಲೇ ಕೆಲಸ ಆಗೋ ಥರ, ನಾಕೇ ನಾಕು ಸರಳ ಗೆಸ್ಚರ್ (ಅಂದ್ರೆ ಪರದೆ ಮೇಲೆ ಬೆರಳಾಡಿಸೋ ರೀತಿ) ಇರೋ ಥರ ಒಂದು ಥ್ರೀಡಿ ಆ್ಯಪ್ ಬೇಕು, ಅದನ್ನ ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಎಂಜಿನಿಯರಿಂಗ್ ಹುಡುಗ್ರು ಹುಡ್ಗೀರೇ ಮಾಡಬಹುದು, ಅದನ್ನ ಹೇಳೋಕೆ ಈ ಪತ್ರ ಬರೀತಿದ್ದೀನಿ. ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಮಾಲೂರು ತಾಲೂಕಿನವನು, ಶಿವಾರಪಟ್ಟಣದ ಪಕ್ಕ. ಶಿವಾರಪಟ್ಟಣ ಅಂದ್ರೆ ಗೊತ್ತಲ್ಲ, ತಲೆತಲಾಂತರದಿಂದ ಕಲ್ಲಲ್ಲಿ ದೇವರ ವಿಗ್ರಹ ಕೆತ್ತೋ ಊರು. ನಮ್ಮ ಮನೆಯೂ ಅದೇ ಕಸುಬಿನದ್ದು, ನಾನು ಮಾತ್ರ ಈಗ ಕಂಪ್ಯೂಟರ್ ಹೇಳಿದ ಹಾಗೆ ಕೊರೆಯೋ ಸಿಎನ್‌ಸಿ ಮಷೀನಿಗೆ ಫೈಲ್ ಮಾಡ್ಕೊಡೋ ಕೆಲಸದಲ್ಲಿದ್ದೀನಿ. ಆರ್ಡರ್ ಕೊಡೋರು ಈಗ ಮೊದಲೇ ವಾಟ್ಸಾಪಲ್ಲಿ ವಿಗ್ರಹ ಹೇಗೆ ಬರತ್ತೆ ತೋರಿಸಿ ಅಂತಾರೆ, ಪ್ರಭಾವಳಿ ಸ್ವಲ್ಪ ಅಗಲ ಮಾಡಿ, ಪೀಠ ಸ್ವಲ್ಪ ಎತ್ತರ ಮಾಡಿ ಅಂತಾರೆ. ಅಷ್ಟು ಬದಲಾವಣೆಗೆ ಶಿಲ್ಪಿಗಳು ನನ್ನಂಥೋರ ಹತ್ರ ಬಂದು ಕಾಯ್ತಾರೆ. ಕಲ್ಲಿನ ಒಳಗಿರೋ ರೂಪ ಕಣ್ಣುಮುಚ್ಚಿ ಹೇಳೋ ಜನ ಅವರು, ಕಂಪ್ಯೂಟರ್ ಮುಂದೆ ಕೂತ ತಕ್ಷಣ ಕೈಕಟ್ಟಿ ಕೂರಬೇಕಾಗತ್ತೆ, ಅದು ನಂಗೆ ಸಂಕಟ.

ಬ್ಲೆಂಡರ್ ಅಂತ ಒಂದು ಥ್ರೀಡಿ ಸಾಫ್ಟ್‌ವೇರಿದೆ, ಪುಕ್ಕಟೆ, 2002ರಿಂದ ಓಪನ್ ಸೋರ್ಸ್, ಅಂದ್ರೆ ಅದರ ಕೋಡ್ ಯಾರು ಬೇಕಾದ್ರೂ ನೋಡಿ ಬದಲಾಯಿಸಬಹುದು, ನಾನೂ ಅದರಲ್ಲೇ ಅನ್ನ ತಿಂತಿರೋದು. ಅದರಲ್ಲಿ ವಸ್ತುನ ಸುತ್ತಿ ನೋಡೋಕೆ ಮೌಸಿನ ಮಧ್ಯದ ಬಟನ್ ಒತ್ತಬೇಕು, ಎದುರಿಂದ ನೋಡೋಕೆ ನಂಬರ್ ಪ್ಯಾಡಿನ 1, ಪಕ್ಕದಿಂದ 3, ಮೇಲಿಂದ 7, ಸರಿಸೋಕೆ ಜಿ, ತಿರುಗಿಸೋಕೆ ಆರ್, ಅದೂ ಯಾವ ದಿಕ್ಕಲ್ಲಿ ಅಂತ ಎಕ್ಸ್ ವೈ ಝಡ್ ಒತ್ತಬೇಕು. ದಿನಾ ಮಾಡೋರಿಗೆ ಇದಕ್ಕಿಂತ ವೇಗದ್ದು ಬೇರೆ ಇಲ್ಲ, ಅದನ್ನ ನಾನು ಒಪ್ತೀನಿ. ಆದ್ರೆ ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪಲ್ಲಿ ನಂಬರ್ ಪ್ಯಾಡೇ ಇರಲ್ಲ, ಮೌಸು ಬೇರೆ ತಗೋಬೇಕು, ಮೊಬೈಲಲ್ಲಂತೂ ಇದ್ಯಾವುದೂ ಇಲ್ಲ. ಬ್ಲೆಂಡರ್ ಮಾಡೋರೂ 2025ರಲ್ಲಿ ಟ್ಯಾಬ್ಲೆಟ್‌ಗೆ, ಟಚ್‌ಗೆ ತರೋ ಕೆಲಸಕ್ಕೆ ಕೈ ಹಾಕಿದ್ದೀವಿ ಅಂತ ಹೇಳ್ಕೊಂಡ್ರು, ಅಂದ್ರೆ ಅಷ್ಟು ದೊಡ್ಡ ಸಾಫ್ಟ್‌ವೇರು ಮಾಡಿರೋರಿಗೂ ಇದು ಇನ್ನೂ ನಡೀತಿರೋ ಕೆಲಸ.

ಇದು ಯಾಕೆ ಕಷ್ಟ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಕ್ರೀನ್ ಮೇಲೆ ಒಂದು ಬೆರಳು ಇಟ್ರೆ ಮೊಬೈಲಿಗೆ ಸಿಗೋದು ಎರಡು ಅಂಕಿ, ಎಡ-ಬಲ ಎಷ್ಟು, ಮೇಲೆ-ಕೆಳಗೆ ಎಷ್ಟು. ಎರಡು ಬೆರಳು ಇಟ್ರೆ ನಾಕು ಅಂಕಿ. ಒಂದು ಫೋಟೋನ ಪಕ್ಕಕ್ಕೆ ಸರಿಸೋಕೆ, ಮೇಲೆ ಕೆಳಗೆ ಸರಿಸೋಕೆ, ತಿರುಗಿಸೋಕೆ, ದೊಡ್ಡದು ಮಾಡೋಕೆ ಬೇಕಾಗಿರೋದೂ ಸರಿಯಾಗಿ ನಾಕೇ, ಅದಕ್ಕೇ ಫೋಟೋ ಮೇಲೆ ಎರಡು ಬೆರಳಾಡ್ಸೋದು ಎರಡು ವರ್ಷದ ಮಗುಗೂ ಬರತ್ತೆ. ಈಗ ಕೈಲಿ ಒಂದು ತೆಂಗಿನಕಾಯಿ ಹಿಡ್ಕೊಳ್ಳಿ. ಅದನ್ನ ಪಕ್ಕಕ್ಕೆ, ಮೇಲಕ್ಕೆ, ನಮ್ಮಿಂದ ದೂರಕ್ಕೆ ಹೀಗೆ ಮೂರು ಥರ ಸರಿಸಬಹುದು, ಮೂರು ಥರ ತಿರುಗಿಸಬಹುದು, ಒಟ್ಟು ಆರು, ಥ್ರೀಡಿ ಸಾಫ್ಟ್‌ವೇರಲ್ಲಿ ಗಾತ್ರ ಹಿಗ್ಗಿಸೋದೂ ಸೇರಿ ಏಳು. ಎರಡು ಬೆರಳು ಕೊಡೋದು ನಾಕು, ಕೆಲಸಕ್ಕೆ ಬೇಕಿರೋದು ಏಳು. ಈ ಮೂರರ ಕೊರತೆನ ಹೇಗೆ ತುಂಬಬೇಕು ಅನ್ನೋದೇ ಇಡೀ ತಲೆನೋವು.

ಇದಕ್ಕೆ ಮೊದಲು ಎಲ್ಲರಿಗೂ ಹೊಳೆಯೋ ಉಪಾಯ ಇನ್ನೊಂದು ಬೆರಳು ಸೇರಿಸೋದು. ಮೂರು ಬೆರಳಿಟ್ರೆ ಆರು ಅಂಕಿ ಸಿಗತ್ತಲ್ಲ. ಹ್ಯಾನ್‌ಕಾಕ್, ಕಾರ್ಪೆಂಡೇಲ್, ಕಾಕ್‌ಬರ್ನ್ ಅನ್ನೋ ಮೂವರು ಸಂಶೋಧಕರು 2007ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ರು, ಒಂದು ಬೆರಳು, ಎರಡು ಬೆರಳು, ಮೂರು ಬೆರಳು ಹೋಲಿಸಿ ನೋಡಿದ್ರು, ಮೂರು ಬೆರಳಿನದ್ದೇ ಚೆನ್ನಾಗಿ ನಡೀತು. ಅದನ್ನ ಓದಿದೋರು ಮೂರು ಬೆರಳೇ ಸರಿ ಅಂದ್ಕೋಬಹುದು. ಆದ್ರೆ ಅವರು ಮಾಡಿದ್ದು ಮೇಜಿನ ಅಗಲದ ಟಚ್ ಪರದೆ ಮೇಲೆ. ಆರಿಂಚಿನ ಮೊಬೈಲಲ್ಲಿ ಮೂರು ಬೆರಳಿಟ್ರೆ ವಿಗ್ರಹ ಎಲ್ಲಿ ಕಾಣತ್ತೆ, ಕೈಯೇ ಮುಚ್ಕೊಳ್ಳತ್ತೆ. ಇನ್ನೊಂದು ಕಡೆ, ನಮ್ಮಲ್ಲಿ ಓಡಾಡೋ ಎಷ್ಟೋ ಆಂಡ್ರಾಯ್ಡ್ ಫೋನಲ್ಲಿ ಮೂರು ಬೆರಳು ಕೆಳಗೆ ಎಳೆದ್ರೆ ಸ್ಕ್ರೀನ್‌ಶಾಟ್ ಬೀಳತ್ತೆ, ಐಪ್ಯಾಡಲ್ಲಿ ಮೂರು ಬೆರಳು ಎಡಕ್ಕೆ ಎಳೆದ್ರೆ ಹಿಂದಿನ ಕೆಲಸ ಅಳಿಸತ್ತೆ, ನಾಕೈದು ಬೆರಳು ಚಿವುಟಿದ್ರೆ ಆ್ಯಪೇ ಬಿಟ್ಟು ಹೋಮ್ ಸ್ಕ್ರೀನಿಗೆ ಹೋಗತ್ತೆ. ಫೋನ್ ಕಂಪನಿಯೋರು ಮೊದಲೇ ಹಿಡ್ಕೊಂಡಿರೋ ಜಾಗ ಅದು, ಅಲ್ಲಿ ಆ್ಯಪ್ ಮಾಡೋರು ಗೆಸ್ಚರ್ ಇಟ್ರೆ ಎರಡೂ ಒಂದಕ್ಕೊಂದು ಡಿಕ್ಕಿ ಹೊಡ್ಕೊಳ್ಳತ್ತೆ ಅಷ್ಟೇ.

ಅಂಚಿನದ್ದೂ ಇದೇ ಕಥೆ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ ಪರದೆಯ ಅಂಚಿಂದ ಒಳಗೆ ಬೆರಳು ಎಳೆದ್ರೆ ಹಿಂದಕ್ಕೆ ಹೋಗೋ ವ್ಯವಸ್ಥೆ ಇದೆ. ಕೆತ್ತೋ ಆ್ಯಪಲ್ಲಿ ಸೀರೆ ನೆರಿಗೆ ಎಳೆಯೋಕೆ ಅಂತ ಹೊರಗಿಂದ ಒಳಗೆ ಬೆರಳು ತಂದ್ರೆ ಆ್ಯಪ್ ಮುಚ್ಚಿ ಹೋಗೋದು ಇದರಿಂದಾನೇ, ಕಲಿಯೋರು ತಾವೇ ಏನೋ ಕೆಡಿಸಿಬಿಟ್ವಿ ಅಂತ ಹೆದರ್ಕೋತಾರೆ. ತಪ್ಪು ಅವರದ್ದಲ್ಲ, ಅಂಚಿಂದ ಸ್ವಲ್ಪ ಜಾಗ ಬಿಟ್ಟು ಕೆತ್ತೋ ಜಾಗ ಇಡದೇ ಇರೋ ಡಿಸೈನಿನದ್ದು.

ವಾಬ್ರಾಕ್, ಮಾರಿಸ್, ವಿಲ್ಸನ್ ಅನ್ನೋರು 2009ರಲ್ಲಿ ಇನ್ನೊಂದು ಒಳ್ಳೆ ಕೆಲಸ ಮಾಡಿದ್ರು, ನಂಗೆ ಇದೇ ಎಲ್ಲಕ್ಕಿಂತ ಇಷ್ಟ. ಎಂಜಿನಿಯರುಗಳೇ ಕೂತು ಗೆಸ್ಚರ್ ಕಂಡುಹಿಡಿಯೋ ಬದಲು 20 ಜನ ಮಾಮೂಲಿ ಬಳಕೆದಾರರನ್ನ ಕರೆದು, ಪರದೆ ಮೇಲೆ ಆಗೋ ಬದಲಾವಣೆ ತೋರಿಸಿ, ಇದು ಆಗಬೇಕು ಅಂದ್ರೆ ನೀವು ಕೈಯಲ್ಲಿ ಏನ್ ಮಾಡ್ತೀರ ಅಂತ ಕೇಳಿದ್ರು. 27 ಕೆಲಸಕ್ಕೆ ಒಟ್ಟು 1080 ಗೆಸ್ಚರ್ ಸಿಕ್ತು. ಅದರಲ್ಲಿ ಗೊತ್ತಾಗಿದ್ದೇನು ಅಂದ್ರೆ ಜನ ಎಷ್ಟು ಬೆರಳು ಇಡ್ತಿದ್ದೀವಿ ಅನ್ನೋದನ್ನ ಅಷ್ಟಾಗಿ ತಲೆಗೆ ಹಾಕ್ಕೊಳ್ಳಲ್ಲ, ಮತ್ತೆ ಎರಡು ಕೈಗಿಂತ ಒಂದೇ ಕೈಯಲ್ಲಿ ಮುಗಿಸೋದು ಇಷ್ಟ ಪಡ್ತಾರೆ. ಹಾಗಿದ್ಮೇಲೆ ಎರಡು ಬೆರಳಾದ್ರೆ ಒಂದು ಅರ್ಥ, ಮೂರಾದ್ರೆ ಇನ್ನೊಂದು, ನಾಕಾದ್ರೆ ಮತ್ತೊಂದು ಅಂತ ಕಟ್ಟೋ ಆ್ಯಪು ಜನರ ಸ್ವಭಾವಕ್ಕೆ ವಿರುದ್ಧ ಹೋಗ್ತಿದೆ ಅಂತಾನೇ ಅರ್ಥ.

ನಾನು ಬೇಕು ಅಂತಿರೋ ನಾಕು ಗೆಸ್ಚರ್ ಯಾವ್ಯಾವುದು ಅಂದ್ರೆ, ಒಂದು ಬೆರಳು ವಿಗ್ರಹದ ಮೇಲೆ ಬಿದ್ರೆ ಅದು ಉಪಕರಣ, ಕೆತ್ತತ್ತೆ ಅಥವಾ ಉಬ್ಬಿಸತ್ತೆ. ಅದೇ ಒಂದು ಬೆರಳು ಖಾಲಿ ಜಾಗದಲ್ಲಿ ಬಿದ್ರೆ ವಿಗ್ರಹದ ಸುತ್ತ ನಾವು ಸುತ್ತಿ ನೋಡಿದ ಹಾಗೆ. ಎರಡು ಬೆರಳು ಎಲ್ಲೇ ಇಟ್ರೂ ಹತ್ತಿರ ದೂರ ಮಾಡೋಕೆ, ಸರಿಸೋಕೆ. ಎರಡು ಬೆರಳಲ್ಲಿ ಒಂದ್ಸಲ ತಟ್ಟಿದ್ರೆ ಹಿಂದಿನ ಹೆಜ್ಜೆ ವಾಪಸ್. ಇಷ್ಟು ಸಾಕು, ಉಳಿದಿದ್ದೆಲ್ಲ ಕಣ್ಣಿಗೆ ಕಾಣೋ ದೊಡ್ಡ ಬಟನಲ್ಲಿರಲಿ. ಇದರಲ್ಲಿ ನಾನು ಹೊಸದಾಗಿ ಕಂಡುಹಿಡಿದಿದ್ದು ಏನೂ ಇಲ್ಲ, ನೋಮ್ಯಾಡ್ ಸ್ಕಲ್ಪ್ಟ್ ಅನ್ನೋ ಆ್ಯಪು ಹೆಚ್ಚುಕಮ್ಮಿ ಇದೇ ದಾರಿಲಿದೆ, ಮೊಬೈಲಲ್ಲಿ ಥ್ರೀಡಿ ಆಗತ್ತೆ ಅಂತ ತೋರಿಸಿಕೊಟ್ಟಿರೋದರಲ್ಲಿ ಅದೂ ಒಂದು. ಆದ್ರೆ ಅದು ವಿಗ್ರಹದ ಕೆಲಸಕ್ಕೆ ಅಂತ ಮಾಡಿರೋದಲ್ಲ, ಮಾಮೂಲಿ ಕಲಾವಿದರಿಗೆ ಅಂತ ಮಾಡಿರೋದು.

ಸುತ್ತಿ ನೋಡೋದರಲ್ಲೂ ಎರಡು ಪದ್ಧತಿ ಇದೆ. 1992ರಲ್ಲಿ ಕೆನ್ ಶೂಮೇಕ್ ಅನ್ನೋರು ಆರ್ಕ್‌ಬಾಲ್ ಅಂತ ತಂದ್ರು, ವಸ್ತು ಒಂದು ಕಾಣದ ಚೆಂಡಿನ ಒಳಗಿದೆ ಅಂದ್ಕೊಂಡು ಆ ಚೆಂಡನ್ನ ಹೇಗೆ ಬೇಕಾದ್ರೂ ಉರುಳಿಸಬಹುದು. ಚೆನ್ನಾಗಿದೆ, ಆದ್ರೆ ಹೊಸಬರು ಎರಡು ಮೂರು ಸಲ ಉರುಳಿಸೋ ಹೊತ್ತಿಗೆ ದೇವರು ಅಡ್ಡಡ್ಡ ಬಿದ್ದಿರ್ತಾನೆ, ನೇರ ನಿಲ್ಸೋಕೆ ಬರಲ್ಲ. ಇನ್ನೊಂದು ಟರ್ನ್‌ಟೇಬಲ್ ಪದ್ಧತಿ, ಅದರಲ್ಲಿ ಮೇಲು ಯಾವಾಗ್ಲೂ ಮೇಲೇ, ಪೀಠ ಯಾವಾಗ್ಲೂ ಕೆಳಗೇ. ಪೀಠದ ಮೇಲೆ ನಿಲ್ಲೋ ವಿಗ್ರಹಕ್ಕೆ ಇದೇ ಸರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಮೊದಲ ಸಲ ಆ್ಯಪ್ ತೆಗೆದಾಗಲೇ ಇದು ಆನ್ ಆಗಿರ್ಬೇಕು. ಹಾಗೇ ಎಡ-ಬಲ ಒಂದೇ ಥರ ಬರೋ ಮಿರರ್ ಕೂಡ ಒಂದು ಬಟನಲ್ಲಿ ಆನ್ ಆಫ್ ಆಗ್ಬೇಕು, ನೇರ ನಿಂತ ವಿಷ್ಣುಗೆ ಅದು ಅರ್ಧ ಕೆಲಸ ಉಳಿಸತ್ತೆ, ಮೂರು ಕಡೆ ಬಾಗಿ ತ್ರಿಭಂಗಿಲಿ ನಿಂತ ವೇಣುಗೋಪಾಲಂಗೆ ಅದನ್ನ ಆಫ್ ಮಾಡ್ಲೇಬೇಕು.

ತೋಳು, ಕಿರೀಟ, ಚಕ್ರ ಥರ ಬಿಡಿ ಭಾಗ ಜೋಡಿಸುವಾಗ ಬೇರೆ ಕಷ್ಟ ಬರತ್ತೆ. ಎರಡು ಬೆರಳಿಗೆ ಸರಿಸೋದು, ತಿರುಗಿಸೋದು, ಹಿಗ್ಗಿಸೋದು ಎಲ್ಲಾ ಒಟ್ಟಿಗೆ ಕಟ್ಟಿಬಿಟ್ರೆ ಶಂಖ ಒಂದು ಚೂರು ಪಕ್ಕಕ್ಕೆ ತರೋಕೆ ಹೋಗಿ ಅದು ತಿರುಗಿ ದೊಡ್ಡದೂ ಆಗಿರತ್ತೆ. ಮಾರ್ಟಿನೆ, ಕಾಸಿಯೆ, ಗ್ರಿಸೋನಿ ಅನ್ನೋ ಫ್ರಾನ್ಸಿನ ಸಂಶೋಧಕರು 2010ರ ಸುಮಾರಿಗೆ ಇದನ್ನೇ ಹಿಡ್ಕೊಂಡು ಕೆಲಸ ಮಾಡಿದ್ರು, ಸರಿಸೋದು ಬೇರೆ ತಿರುಗಿಸೋದು ಬೇರೆ ಅಂತ ಬಿಡಿಸಿ ಇಟ್ರೆ ಕೆಲಸ ಬೇಗ ಮುಗಿಯತ್ತೆ ಅಂತ ತೋರಿಸಿದ್ರು. 2012ರಲ್ಲಿ ಔ, ತೈ, ಫೂ ಅನ್ನೋರು ಇನ್ನೊಂದು ಜಾಣತನ ಮಾಡಿದ್ರು, ಎರಡು ಬೆರಳು ಯಾವ ದಿಕ್ಕಿಗೆ ಸಾಲಾಗಿ ಇಟ್ಟಿದ್ದೀವೋ ಆ ದಿಕ್ಕೇ ಅಕ್ಷ ಅಂತ ಆ್ಯಪ್ ಹಿಡ್ಕೊಳ್ಳತ್ತೆ, ಆಮೇಲೆ ವಸ್ತು ಆ ಗೆರೆ ಬಿಟ್ಟು ಆಚೆ ಈಚೆ ಹೋಗಲ್ಲ. ಬ್ಲೆಂಡರಲ್ಲಿ ನಾವು ಎಕ್ಸ್ ವೈ ಝಡ್ ಒತ್ತಿ ಮಾಡೋದನ್ನೇ ಬೆರಳಿನ ಕೋನದಲ್ಲಿ ಮಾಡಿದ ಹಾಗಾಯ್ತು. ಎಂಜಿನಿಯರಿಂಗ್ ಕೊನೆ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆ ವಿಷಯ ಬೇಕಾ, ವರ್ಷ ವರ್ಷಾನೂ ಅದೇ ಹಾಜರಾತಿ ಆ್ಯಪು, ಅದೇ ಲೈಬ್ರರಿ ಮ್ಯಾನೇಜ್‌ಮೆಂಟು ಮಾಡೋ ಬದಲು ಇದನ್ನ ತಗೊಳ್ಳಿ ಅಂತ ಲೆಕ್ಚರರುಗಳಲ್ಲಿ ಕೈಮುಗಿದು ಕೇಳ್ತೀನಿ.

ಈಗ ನಮ್ಮ ಶಿಲ್ಪಿಗಳ ಕೈಗೆ ಬರ್ತೀನಿ, ನಾನು ಪತ್ರ ಬರೀಬೇಕು ಅಂದ್ಕೊಂಡಿದ್ದೇ ಇದಕ್ಕೆ. ಮೊಬೈಲ್ ಪರದೆ ಮೇಲೆ ತುಂಬಾ ಸಣ್ಣ ವಿದ್ಯುತ್ ಕ್ಷೇತ್ರ ಹರಡಿರತ್ತೆ, ಚರ್ಮದಲ್ಲಿರೋ ತೇವದಿಂದ ಬೆರಳು ವಿದ್ಯುತ್ ಎಳ್ಕೊಳ್ಳತ್ತೆ, ಆ ಬದಲಾವಣೆ ನೋಡಿ ಫೋನಿಗೆ ಮುಟ್ಟಿದ್ದು ಎಲ್ಲಿ ಅಂತ ಗೊತ್ತಾಗೋದು. ದಿನಾ ಉಳಿ ಸುತ್ತಿಗೆ ಹಿಡಿದ ಬೆರಳು ಜಡ್ಡುಗಟ್ಟಿರತ್ತೆ, ಚರ್ಮ ದಪ್ಪ, ಒಣಗಿರತ್ತೆ, ಅದರ ಮೇಲೆ ಕಲ್ಲಿನ ಪುಡಿ. ಅಂಥ ಬೆರಳು ಎಷ್ಟೋ ಸಲ ಪರದೆಗೆ ಸರಿಯಾಗಿ ಕಾಣಿಸೋದೇ ಇಲ್ಲ. ಒಂದು ಗೆರೆ ಎಳೆಯೋ ಅಷ್ಟರಲ್ಲಿ ಮಧ್ಯೆ ಮಧ್ಯೆ ತುಂಡಾಗತ್ತೆ, ಎರಡು ಬೆರಳು ಇಟ್ಟಿದ್ರೂ ಒಂದೇ ಅಂತ ಓದ್ಕೊಳ್ಳತ್ತೆ, ಹಾಗೆ ಓದ್ಕೊಂಡ ತಕ್ಷಣ ಹತ್ತಿರ ದೂರ ಮಾಡಬೇಕಿದ್ದ ಕಡೆ ಕೆತ್ತಿಬಿಡತ್ತೆ. ನಮ್ಮ ಚಿಕ್ಕಪ್ಪ ಮುಟ್ಟಿದ್ರೆ ಫೋನ್ ಅರ್ಧ ಸಲ ಕೇಳೋದೇ ಇಲ್ಲ, ವಯಸ್ಸಾಯ್ತು ಕಣಪ್ಪ ನಂಗೆ ಇದೆಲ್ಲ ಬರಲ್ಲ ಅಂತಾರೆ. ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ ಚಿಕ್ಕಪ್ಪ ಅಂದ್ರೆ ನಂಬಲ್ಲ.

ಇದಕ್ಕೆ ಆ್ಯಪ್ ಮಾಡೋರ ಕೈಲೂ ಪರಿಹಾರ ಇದೆ. ಗೆರೆ ಒಂದು ಕ್ಷಣ ತುಂಡಾದ್ರೆ ಕಾದು ನೋಡಿ ಮತ್ತೆ ಅಲ್ಲೇ ಪಕ್ಕದಲ್ಲಿ ಬೆರಳು ಕಂಡ್ರೆ ಅದೇ ಗೆರೆ ಅಂತ ಸೇರಿಸ್ಕೊಳ್ಳೋದು, ಎರಡನೇ ಬೆರಳು ಸ್ವಲ್ಪ ತಡವಾಗಿ ಬಿದ್ರೂ ಶುರುವಾಗಿದ್ದ ಕೆತ್ತನೆನ ರದ್ದು ಮಾಡಿ ವಿಗ್ರಹ ಸರಿಸೋಕೆ ಬಿಡೋದು, ತಟ್ಟೋ ಗೆಸ್ಚರಿಗೆ ಸಮಯ ಸ್ವಲ್ಪ ಜಾಸ್ತಿ ಕೊಡೋದು. ಬೆಂಗಳೂರಿನ ಎಸಿ ರೂಮಲ್ಲಿ ಕೂತು ಮೆತ್ತನೆ ಬೆರಳಲ್ಲಿ ಪರೀಕ್ಷೆ ಮಾಡಿದ್ರೆ ಇದ್ಯಾವುದೂ ಹೊಳೆಯಲ್ಲ. ಸ್ಟೈಲಸ್ ಪೆನ್ನು ತಗೊಳ್ಳಿ ಅನ್ನೋರಿದ್ದಾರೆ, ಒಳ್ಳೆ ಪೆನ್ನು ಒಳ್ಳೆ ಟ್ಯಾಬಿಗೇ ಹೊಂದೋದು, ಅಷ್ಟು ದುಡ್ಡಿದ್ರೆ ಈ ಪತ್ರಾನೇ ಬೇಕಿರ್ಲಿಲ್ಲ.

ಬೆರಳ ತುದಿಯ ದಪ್ಪದ್ದು ಇನ್ನೊಂದು. ಬಟನ್ನು ಕನಿಷ್ಠ 9 ಮಿಲಿಮೀಟರ್ ಇರ್ಲಿ ಅಂತ ಆಂಡ್ರಾಯ್ಡಿನೋರೇ ಹೇಳ್ತಾರೆ, ಅಂದ್ರೆ ಬೆರಳಿನ ನಿಖರತೆ ಅಷ್ಟೇ. ವಿಗ್ರಹದ ಕಣ್ಣು ತೆರೆಯೋ ಕೆಲಸ ಬೆರಳಡಿ ಪೂರ್ತಿ ಮುಚ್ಚಿಹೋಗತ್ತೆ. ವೋಗಲ್ ಮತ್ತೆ ಬೌಡಿಶ್ ಅನ್ನೋರು 2007ರಲ್ಲೇ ಇದಕ್ಕೆ ದಾರಿ ತೋರಿಸಿದ್ರು, ಬೆರಳು ಮುಚ್ಚಿರೋ ಜಾಗದ ಚಿತ್ರಾನ ಬೆರಳಿನ ಪಕ್ಕದಲ್ಲಿ ಒಂದು ಸಣ್ಣ ವೃತ್ತದಲ್ಲಿ ತೋರಿಸೋದು. ಶಿಲ್ಪದ ಆ್ಯಪಿಗೆ ಇದು ಬೇಕೇ ಬೇಕು.

ಅಳತೆಗೆ ನಮ್ಮಲ್ಲಿ ತಾಳಮಾನ ಇದೆ. ಮುಖದ ಉದ್ದ ಒಂದು ತಾಳ, ಅದರಲ್ಲಿ 12 ಅಂಗುಲ, ನವತಾಳದ ವಿಗ್ರಹ ಅಂದ್ರೆ 108 ಅಂಗುಲ, ಉತ್ತಮ ದಶತಾಳ ಅಂದ್ರೆ ಹತ್ತು ತಾಳದ 120ರ ಮೇಲೆ ಇನ್ನೂ ನಾಕು ಸೇರಿ 124. ಇದು ಇಂಚು ಸೆಂಟಿಮೀಟರ್ ಅಲ್ಲ, ವಿಗ್ರಹ ಅಂಗೈ ಅಗಲ ಇರ್ಲಿ ಆಳೆತ್ತರ ಇರ್ಲಿ ಅದರದ್ದೇ ಮುಖದಿಂದ ಅದರದ್ದೇ ಅಂಗುಲ ಹುಟ್ಟತ್ತೆ. ಕಂಪ್ಯೂಟರ್ ಭಾಷೆಲಿ ಇದಕ್ಕೆ ಪ್ಯಾರಾಮೆಟ್ರಿಕ್ ಅಂತಾರೆ, ನಮ್ಮೋರು ಅದನ್ನ ಗೋಡೆ ಮೇಲೆ ಗೆರೆ ಎಳೆದು ಕಲಿಸ್ತಾ ಬಂದಿದ್ದಾರೆ. ಆ್ಯಪಲ್ಲಿ ತಾಳದ ಗೆರೆಗಳು ಹಿನ್ನೆಲೇಲಿ ನಿಂತಿದ್ರೆ, ಬೆರಳಲ್ಲಿ ಮೊಣಕಾಲನ್ನ ಸುಮಾರಾಗಿ ಸರಿಸಿದ್ರೂ ಅದು ಹತ್ತಿರದ ಅಂಗುಲಕ್ಕೆ ಹೋಗಿ ಅಂಟ್ಕೊಂಡ್ರೆ, ಬೆರಳಿನ ದಪ್ಪದ ತೊಂದರೆ ಅಲ್ಲೇ ಅರ್ಧ ಮುಗೀತು. ಗೆಸ್ಚರು ಸರಳ ಇರೋಕೂ ಇದೇ ದಾರಿ, ನಿಖರತೆಯ ಭಾರ ಬೆರಳಿಂದ ತೆಗೆದು ಅಳತೆ ಗೆರೆ ಮೇಲೆ ಹಾಕೋದು.

ಎರಡು ಕೈ ವಿಚಾರಾನೂ ಹೇಳ್ಬಿಡ್ತೀನಿ. ಈವ್ ಗಿಯಾರ್ ಅನ್ನೋ ಫ್ರೆಂಚ್ ಸಂಶೋಧಕರು 1987ರಲ್ಲಿ ಬರೆದಿದ್ದು, ನುರಿತ ಕೆಲಸದಲ್ಲಿ ಎರಡು ಕೈಗೆ ಸಮಪಾಲು ಇರಲ್ಲ, ಎಡಗೈ ಮೊದಲು ನೆಲೆ ಹಿಡಿಯತ್ತೆ, ಬಲಗೈ ಆ ನೆಲೆ ಮೇಲೆ ಕೆಲಸ ಮಾಡತ್ತೆ. ಶಿವಾರಪಟ್ಟಣದ ಯಾವ ಅಂಗಳಕ್ಕೆ ಬೇಕಾದ್ರೂ ಬಂದು ನೋಡಿ, ಎಡಗೈ ಉಳಿಯ ಕೋನ ಹಿಡಿದಿರತ್ತೆ, ಬಲಗೈ ಸುತ್ತಿಗೆ. ಟ್ಯಾಬಲ್ಲೂ ಎಡಗೈ ಹೆಬ್ಬೆರಳಿಗೆ ಒಂದೇ ಒಂದು ದೊಡ್ಡ ಬಟನ್ ಕೊಟ್ಟು, ಅದನ್ನ ಒತ್ತಿ ಹಿಡಿದಿರೋವರೆಗೂ ಬಲಗೈ ಬೆರಳು ಕೆತ್ತೋ ಬದಲು ಉಬ್ಬಿಸತ್ತೆ, ಬಿಟ್ರೆ ಮತ್ತೆ ಕೆತ್ತತ್ತೆ ಅಂತ ಇಟ್ರೆ ಈಗ ಕೆತ್ತೋದಾ ಉಬ್ಬಿಸೋದಾ ಅಂತ ಮರೆಯೋ ಪ್ರಶ್ನೆನೇ ಬರಲ್ಲ, ಒತ್ತಿರೋದು ಕೈಗೇ ಗೊತ್ತಿರತ್ತಲ್ಲ. ಇದು ಕಡ್ಡಾಯ ಇರಬಾರದು, ಒಂದೇ ಕೈ ಬಳಸೋರಿಗೂ ಎಲ್ಲಾ ಕೆಲಸ ಆಗ್ಬೇಕು.

ಇದೆಲ್ಲ ಹಳ್ಳಿ ಕಡೆಗೆ ಯಾಕೆ ಅನ್ನೋರಿಗೆ ಒಂದು ಉದಾಹರಣೆ. ಪಿಕ್ಸಾರ್ ಅಂತ ಕಾರ್ಟೂನ್ ಸಿನಿಮಾ ಮಾಡೋ ಅಮೆರಿಕದ ಕಂಪನಿ, ಅಲ್ಲಿನ ಮತ್ತೆ ಬರ್ಕ್ಲಿ ವಿಶ್ವವಿದ್ಯಾಲಯದ ಜನ ಸೇರಿ 2011ರಲ್ಲಿ ಈಡನ್ ಅಂತ ಒಂದು ಮಲ್ಟಿಟಚ್ (ಹಲವು ಬೆರಳು ಒಟ್ಟಿಗೆ ಗುರುತಿಸೋ) ಸಾಫ್ಟ್‌ವೇರ್ ತೋರಿಸಿದ್ರು, ಸಿನಿಮಾದ ಕಾಡು ಮೇಡು ಜೋಡಿಸೋಕೆ. ಅಷ್ಟು ದೊಡ್ಡ ಕಂಪನಿಯೋರೂ ಸೆಟ್ ಜೋಡಿಸೋ ಕಲಾವಿದರನ್ನ ಪಕ್ಕ ಕೂರಿಸ್ಕೊಂಡೇ ಅದನ್ನ ಮಾಡಿದ್ದು, ಗೆಸ್ಚರನ್ನ ಬೇಕಂತಲೇ ಸರಳ ಇಟ್ಟಿದ್ದು. ಕಲಾವಿದರು ಅಲ್ಲೂ ಕಲಾವಿದರೇ ಇಲ್ಲೂ ಕಲಾವಿದರೇ. ಇನ್ನು ನಮ್ಮ ಜಿಲ್ಲೆ ನರಸಾಪುರದಲ್ಲಿ ಐಫೋನ್ ಜೋಡಿಸ್ತಾರೆ, ನಮ್ಮೂರ ಮಕ್ಕಳು ಕಂಪನಿ ಬಸ್ಸು ಹತ್ತಿ ಹೋಗಿ ಜೋಡಿಸೋದು. ಪರದೆ ಜೋಡಿಸೋಕೆ ಬರೋ ಊರಿಗೆ ಆ ಪರದೆ ಮೇಲೆ ಬೆರಳು ಹೇಗೆ ಓಡಬೇಕು ಅಂತ ತೀರ್ಮಾನ ಮಾಡೋಕೂ ಬರತ್ತೆ.

ಆದ್ದರಿಂದ ಕಾಲೇಜಿನೋರಲ್ಲಿ ನಾನು ಕೇಳೋದು ಇಷ್ಟು. ಈ ಸಲ ಒಂದು ತಂಡಕ್ಕಾದ್ರೂ ಈ ಪ್ರಾಜೆಕ್ಟ್ ಕೊಡಿ. ಕೋಡ್ ಬರೆಯೋಕೆ ಮುಂಚೆ ಶಿವಾರಪಟ್ಟಣಕ್ಕೆ ಬನ್ನಿ, ಶಿಲ್ಪಿಗಳಿಗೆ ಪರದೆ ಮೇಲೆ ವಿಗ್ರಹ ತಿರುಗೋದು, ಉಬ್ಬೋದು, ತಗ್ಗೋದು ತೋರಿಸಿ, ಇದಾಗಬೇಕು ಅಂದ್ರೆ ನೀವು ಕೈ ಹೇಗೆ ಆಡಿಸ್ತೀರ ಅಂತ ಕೇಳಿ ಬರ್ಕೊಳ್ಳಿ, ಅವರು ಮಾಡಿ ತೋರಿಸಿದ್ದನ್ನೇ ಗೆಸ್ಚರ್ ಮಾಡಿ. ಪರೀಕ್ಷೆನ ಕೆಲಸ ಮುಗಿದ ಸಂಜೆ, ಕೈ ತೊಳೆಯೋಕೆ ಮುಂಚೆ ಒಂದ್ಸಲ, ತೊಳೆದ ಮೇಲೆ ಒಂದ್ಸಲ ಮಾಡಿ. ಫೋನು ದುಬಾರಿದು ಬೇಡ, ಅವರ ಜೇಬಲ್ಲಿರೋ ಫೋನಲ್ಲೇ ಓಡಬೇಕು. ಸಹಾಯದ ವಿಡಿಯೋ ಕನ್ನಡದಲ್ಲಿರ್ಲಿ, ಕೊನೇಲಿ ಥ್ರೀಡಿ ಆಕಾರ ಇಟ್ಕೊಳ್ಳೋ ಎಸ್‌ಟಿಎಲ್ ಫೈಲ್ ಬಂದ್ರೆ ಸಾಕು ಮಷೀನಿಗೆ ಹಾಕೋದು ನಮ್ಮಂಥೋರು ನೋಡ್ಕೋತೀವಿ. ತರಬೇತಿ ಯೋಜನೆ ಬರೆಯೋ ಅಧಿಕಾರಿಗಳೂ ಕಂಪ್ಯೂಟರ್ ಲ್ಯಾಬಿನ ಜೊತೆ ಟ್ಯಾಬಲ್ಲಿ ಕಲಿಸೋ ಒಂದು ಭಾಗ ಸೇರಿಸ್ಲಿ. ಬರೋ ತಂಡಕ್ಕೆ ಊರಲ್ಲಿ ಯಾರ್ಯಾರ ಮನೆಗೆ ಹೋಗ್ಬೇಕು, ಯಾರು ಕಲ್ಲಿನ ಕೆಲಸ, ಯಾರು ಲೋಹದ ಕೆಲಸ ಅಂತ ತೋರಿಸೋಕೆ ನಾನು ಜೊತೇಲಿ ಬರ್ತೀನಿ, ಭಾನುವಾರ ಬಿಟ್ಟು ಯಾವತ್ತಾದ್ರೂ ಆಗತ್ತೆ, ಭಾನುವಾರ ಗಿರಾಕಿಗಳು ಜಾಸ್ತಿ ಇರ್ತಾರೆ.

ಇಂತಿ,
ಶಿವಾರಪಟ್ಟಣ ಕಡೆಯ ಒಬ್ಬ ಓದುಗ,
ಮಾಲೂರು ತಾಲೂಕು, ಕೋಲಾರ ಜಿಲ್ಲೆ